ಪೋವಿಸ್ ಕ್ಯಾಸಲ್‌ನಲ್ಲಿ ದೂಳು ತೆಗೆಯುವ ಕೆಲಸ: ನನ್ನ ಅನುಭವ

ವೇಲ್ಸ್‌ನ ವೆಲ್ಷ್‌ಪೂಲ್ ಊರಿನ ಪಕ್ಕ ಕೆಂಪು ಕಲ್ಲಿನ ಪೋವಿಸ್ ಕ್ಯಾಸಲ್ ಇದೆ. ಹೆಸರಿಗೆ ಕೋಟೆ, ಒಳಗೆ ಹೋದರೆ ಶ್ರೀಮಂತರ ದೊಡ್ಡ ಮನೆ. 1952ರಿಂದ ನ್ಯಾಷನಲ್ ಟ್ರಸ್ಟ್, ಅಂದರೆ ಹಳೆಯ ಮನೆ, ಜಾಗಗಳನ್ನು ಕಾಪಾಡುವ ಸಂಸ್ಥೆ, ನೋಡಿಕೊಳ್ಳುತ್ತಿದೆ. ಚಳಿಗಾಲದ ಸ್ವಚ್ಛತೆಗೆ ನಾನು ಸ್ವಯಂಸೇವಕಿಯಾಗಿ ಸೇರಿಕೊಂಡೆ.

ಇಲ್ಲಿನ ಮೊದಲ ಪಾಠ, ಆದಷ್ಟು ಕಡಿಮೆ ಮುಟ್ಟಬೇಕು. ಒದ್ದೆ ಬಟ್ಟೆಯಿಂದ ಒರೆಸುವ ಮಾತೇ ಇಲ್ಲ. ಪ್ರತಿ ಸಲ ಒರೆಸಿದಾಗಲೂ ಚಿನ್ನದ ಲೇಪ ಚೂರು ಚೂರೇ ಸವೆಯುತ್ತದೆ. ಹಾಗಾಗಿ ಮೊದಲು ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತೇನೆ. ಎಲ್ಲಾದರೂ ಲೇಪ ಎದ್ದಿದ್ದರೆ ಆ ಜಾಗ ಬಿಟ್ಟು, ತಜ್ಞರಿಗೆ ಹೇಳುತ್ತೇನೆ. ಗಟ್ಟಿಯಾಗಿದ್ದರೆ ಮಾತ್ರ ಕುಂಚ ಕೈಗೆ. ಚಿನ್ನದ ಕೆಲಸಕ್ಕೆ ಪೋನಿಯ (ಗಿಡ್ಡ ತಳಿಯ ಕುದುರೆ) ಮೆತ್ತನೆ ಕೂದಲಿನದು, ಕೆತ್ತಿದ ಮರಕ್ಕೆ ಹಂದಿ ಕೂದಲಿನದು. ಇನ್ನೊಂದು ಕೈಯಲ್ಲಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆ. ಅದರ ಬಾಯಿಗೆ ಬಲೆ ಕಟ್ಟಿರುತ್ತೇವೆ, ಕಿತ್ತು ಬಂದ ಚೂರು ಒಳಗೆ ಹೋಗಬಾರದಲ್ವಾ! ಕುಂಚದಿಂದ ದೂಳನ್ನು ಅದರ ಕಡೆಗೆ ತಳ್ಳುವುದು, ಮೇಲಿನಿಂದ ಕೆಳಗೆ. ತೈಲಚಿತ್ರದ ಮೈ ನಮ್ಮ ಪಾಲಿನದಲ್ಲ, ಚೌಕಟ್ಟು ಮಾತ್ರ.

ನನಗೆ ಜಾಸ್ತಿ ಇಷ್ಟವಾದದ್ದು ಸ್ಟೇಟ್ ಬೆಡ್‌ರೂಮ್. 1660ರ ದಶಕದ್ದು. ಮಂಚದ ಮುಂದೆ ಚಿನ್ನದ ಬಣ್ಣದ ಕಟಕಟೆ ಇದೆ. ದೇವಸ್ಥಾನದ ಗರ್ಭಗುಡಿ ಮುಂದೆ ಇರುತ್ತದಲ್ಲ, ಹಾಗೆ. ರಾಜ ಬಂದರೆ ಮಲಗಲಿ ಅಂತ ಇಷ್ಟೆಲ್ಲಾ! ಲಾಂಗ್ ಗ್ಯಾಲರಿಯಲ್ಲಿ ಹಾವಿನ ಜೊತೆ ಕಾದಾಡುವ ರೋಮನ್ ಕಾಲದ ಅಮೃತಶಿಲೆಯ ಬೆಕ್ಕಿದೆ. ಅದನ್ನು ನೋಡಿ ನಗು ಬರದವರಿಲ್ಲ.

ಜನ ಕೇಳುವ ಪ್ರಶ್ನೆ ಒಂದೇ: ಇಷ್ಟು ಕತ್ತಲೆ ಯಾಕೆ? ಬಟ್ಟೆಯ ಬಣ್ಣಕ್ಕೆ ಬೆಳಕಿನ ಹಾನಿ ಕೂಡುತ್ತಾ ಹೋಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅದಕ್ಕೇ ಬಟ್ಟೆಗೆ 50 ಲಕ್ಸ್ (ಬೆಳಕು ಅಳೆಯುವ ಮಾನ) ಸಾಕು ಅನ್ನುವ ಲೆಕ್ಕ. ಚಳಿ ಯಾಕೆ ಅಂತಲೂ ಕೇಳುತ್ತಾರೆ. ಇಂಥ ಮನೆಗಳಲ್ಲಿ ಹೀಟರ್ ಹಾಕುವುದು ಜನ ಬೆಚ್ಚಗಿರಲಿ ಅಂತ ಅಲ್ಲ, ಗಾಳಿಯ ತೇವ ತೀರಾ ಏರದಿರಲಿ ಅಂತ. ತೇವ ಏರಿದರೆ ಬೂಸ್ಟು, ತೀರಾ ಇಳಿದರೆ ಮರ ಬಿರುಕು.

ನಮ್ಮ ಕಡೆಯವರು ಬಂದರೆ ನೇರ ಕೋಟೆಯೊಳಗಿನ ಕ್ಲೈವ್ ಮ್ಯೂಸಿಯಮ್ಮಿಗೆ ಹೋಗುತ್ತಾರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್. ಅವನ ಹೆಂಡತಿ ಹೆನ್ರಿಯೆಟ್ಟಾ ಈ ಮನೆತನದವಳು. ಟಿಪ್ಪು ಸಿಂಹಾಸನದ ಚಿನ್ನದ ಹುಲಿಮುಖ ಇಲ್ಲಿ ಸೇರಿದ್ದು ಹೀಗೆ. ಟಿಪ್ಪುವಿನ ಡೇರೆಯೂ ಇದೆ, ಹತ್ತಿಬಟ್ಟೆ. ಅದರ ತುಂಬ ಹೂಕುಂಡಗಳ ಚಿತ್ತಾರ. ಹಿಂದೆ ತೋಟದ ಪಾರ್ಟಿಗಳಿಗೆ ಅದನ್ನೇ ಹಾಕುತ್ತಿದ್ದರಂತೆ! ಲೂಟಿ ಅನ್ನುವ ಪದವನ್ನು ನಾನು ಮೆತ್ತಗೆ ಮಾಡಿ ಹೇಳುವುದಿಲ್ಲ, ಕೇಳಿದವರಿಗೆ ಇದ್ದದ್ದನ್ನೇ ಹೇಳುತ್ತೇನೆ.

ನೀವು ಹೋದರೆ ಅಲ್ಲಿ ಎರಡು ನಿಮಿಷ ಸುಮ್ನೆ ನಿಲ್ಲಿ. ಕಣ್ಣು ಮಬ್ಬಿಗೆ ಹೊಂದಿಕೊಂಡ ಮೇಲೆ ಹುಲಿಮುಖದ ಕೆಂಪು ಕಲ್ಲುಗಳು ಚೆನ್ನಾಗಿ ಕಾಣುತ್ತವೆ. ಬೆನ್ನಿನ ಬ್ಯಾಗನ್ನು ಮಾತ್ರ ಎದೆ ಮೇಲೆ ಹಾಕಿಕೊಳ್ಳಿ, ತಿರುಗುವಾಗ ಏನಕ್ಕಾದರೂ ತಾಗೀತು.