ಮೋಟರ್‌ಹೋಮ್ ಹತ್ತಿ ಮನೆ ರಿಪೇರಿ ಸೇವೆಗೆ ಹೊರಡುವ ಅಮೆರಿಕ ಕನ್ನಡಿಗರಿಗೆ

ಅಮೆರಿಕದಲ್ಲಿ ನೆರೆ ಬಂದು ಬಡವರ ಮನೆ ಹಾಳಾದರೆ ಅದನ್ನು ಸರಿ ಮಾಡಿಸುವವರು ಯಾರು? ಇಲ್ಲಿ ಎಷ್ಟೋ ವರ್ಷದಿಂದ ಇರುವ ಕನ್ನಡಿಗರನ್ನು ಕೇಳಿದರೂ ‘ಇನ್ಶೂರೆನ್ಸ್ ಕೊಡುತ್ತೆ, ಇಲ್ಲಾಂದ್ರೆ ಸರ್ಕಾರ ಕೊಡುತ್ತೆ’ ಅನ್ನುತ್ತಾರೆ. ಅದು ಅರ್ಧ ಮಾತ್ರ ನಿಜ. ಮನೆಯ ಮಾಮೂಲಿ ಇನ್ಶೂರೆನ್ಸ್‌ನಲ್ಲಿ ನೆರೆಯ ಹಾನಿ ಸೇರುವುದಿಲ್ಲ. ಅದಕ್ಕೆ ಬೇರೆಯೇ ಪಾಲಿಸಿ ಮಾಡಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟಗಳ ಮೇಲೆ ಸುರಿದಾಗ ಅಲ್ಲಿನ ಬಹುಪಾಲು ಮನೆಗಳಿಗೆ ಆ ಪಾಲಿಸಿ ಇರಲಿಲ್ಲ. ಕೇಂದ್ರ ಸರ್ಕಾರದ ವಿಪತ್ತು ನೆರವಿನ ಸಂಸ್ಥೆ ಫೀಮಾ ದುಡ್ಡು ಕೊಡುತ್ತದೆ ನಿಜ. ಆದರೆ ಅದಕ್ಕೊಂದು ಮಿತಿ ಇದೆ. ಅದು ಮನೆಯನ್ನು ವಾಸಕ್ಕೆ ಆಗುವಂತೆ ಮಾಡಲು, ಮೊದಲಿದ್ದ ಹಾಗೆ ಮಾಡಲು ಅಲ್ಲ.

ಆಮೇಲೆ ಉಳಿಯುವ ಕೆಲಸದ ದೊಡ್ಡ ಪಾಲನ್ನು ಇಲ್ಲಿ ಹೊರುವವು ಚರ್ಚುಗಳು. ಸುಮ್ನೆ ಒಂದೆರಡು ದಿನ ಊಟ ಹಂಚಿ ಹೋಗುವುದಲ್ಲ, ವರ್ಷಗಟ್ಟಲೆ ನಡೆಯುವ ಕೆಲಸ ಇದು. ನೆರೆ ಇಳಿದ ಮೇಲೆ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದಲ್ಲಿ, ಒಂದು ದೀರ್ಘಾವಧಿ ಪುನರ್ವಸತಿ ಸಮಿತಿ ಹುಟ್ಟಿಕೊಳ್ಳುತ್ತದೆ. ಅದರಲ್ಲಿ ಊರಿನ ಚರ್ಚುಗಳು, ರೆಡ್ ಕ್ರಾಸ್‌ನಂಥ ಸಂಸ್ಥೆಗಳು, ಸ್ಥಳೀಯ ಟ್ರಸ್ಟುಗಳು ಇರುತ್ತವೆ. ಪ್ರತಿ ಕುಟುಂಬಕ್ಕೂ ಒಬ್ಬ ಕೇಸ್ ಮ್ಯಾನೇಜರ್. ಇನ್ಶೂರೆನ್ಸ್‌ನಿಂದ ಎಷ್ಟು ಬಂತು, ಫೀಮಾದಿಂದ ಎಷ್ಟು ಬಂತು, ಮನೆ ಯಾರ ಹೆಸರಲ್ಲಿದೆ ಅಂತ ಅವರು ಕಾಗದ ಕೂಡಿಸುತ್ತಾರೆ. ಇನ್ನೂ ಎಷ್ಟು ಕೊರತೆ ಇದೆ ಅನ್ನುವ ಲೆಕ್ಕ ಸಮಿತಿಯ ಮುಂದೆ ಬರುತ್ತದೆ. ಒಂದು ಸಂಸ್ಥೆ ಮರಕ್ಕೆ ಮತ್ತು ಗೋಡೆಯ ಹಲಗೆಗೆ ದುಡ್ಡು ಕೊಡುತ್ತದೆ. ಇನ್ನೊಂದು ಸ್ವಯಂಸೇವಕರನ್ನು ಕಳಿಸುತ್ತದೆ. ಆ ಸ್ವಯಂಸೇವಕರಲ್ಲಿ ಒಂದು ದೊಡ್ಡ ಗುಂಪು ಮೋಟರ್‌ಹೋಮ್‌ಗಳಲ್ಲಿ, ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿಗಳಲ್ಲಿ, ಬರುವ ನಿವೃತ್ತರದು.

ಅವರೇ ಯಾಕೆ ಅಂದರೆ, ನೆರೆ ಬಂದ ಊರಲ್ಲಿ ಹೊರಗಿನವರಿಗೆ ಇಳಿದುಕೊಳ್ಳಲು ಜಾಗವೇ ಇರುವುದಿಲ್ಲ. ಹೋಟೆಲುಗಳಲ್ಲಿ ಮನೆ ಕಳೆದುಕೊಂಡವರು ತುಂಬಿರುತ್ತಾರೆ. ತನ್ನ ಹಾಸಿಗೆ, ಅಡುಗೆಮನೆ, ಬಚ್ಚಲು ಎಲ್ಲ ಜೊತೆಗೇ ತರುವ ಕೆಲಸಗಾರನಿಂದ ಊರಿಗೆ ಭಾರವಿಲ್ಲ. ಚರ್ಚಿನ ಹಿಂದಿನ ಜಾಗದಲ್ಲಿ ನೀರು, ಕರೆಂಟು, ಸಾಧ್ಯವಿದ್ದರೆ ಒಳಚರಂಡಿಯ ಕನೆಕ್ಷನ್ ಕೊಟ್ಟರೆ ಸಾಕು. ಇದಕ್ಕೆ ಇಲ್ಲಿ ಹುಕಪ್ ಅನ್ನುತ್ತಾರೆ. ಅಲ್ಲಿ ಕೆಲಸಕ್ಕೆ ಬದಲಾಗಿ ಬಾಡಿಗೆ ಇಲ್ಲ, ಅಥವಾ ತುಂಬ ಕಡಿಮೆ.

ಎಲ್ಲಿ ಸೇರುವುದು? ಯುನೈಟೆಡ್ ಮೆಥಡಿಸ್ಟ್ ಚರ್ಚಿನ ನಂಟಿರುವ ನೋಮ್ಯಾಡ್ಸ್ ಅನ್ನುವ ಗುಂಪು 1988ರಿಂದ ಇದೆ. ಒಂದು ಪ್ರಾಜೆಕ್ಟ್ ಸಾಮಾನ್ಯವಾಗಿ 3 ವಾರ. ವಾರಕ್ಕೆ 4 ದಿನ ಕೆಲಸ, ಉಳಿದ 3 ದಿನ ನಿಮ್ಮವು. ಬಡವರಿಗೆ ಮನೆ ಕಟ್ಟಲು ನೆರವಾಗುವ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ನಿಮಗೆ ಗೊತ್ತೇ ಇರುತ್ತದೆ. 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಅನ್ನುವ ಊರಲ್ಲಿ ಶುರುವಾಗಿದ್ದು. ಜಿಮ್ಮಿ ಕಾರ್ಟರ್ ಸುತ್ತಿಗೆ ಹಿಡಿದು ದುಡಿದ ಸಂಸ್ಥೆ. ಅದರ ಆರ್‌ವಿ ಕೇರ್-ಎ-ವ್ಯಾನರ್ಸ್ ವಿಭಾಗ ಮೋಟರ್‌ಹೋಮ್‌ನವರಿಗೇ ಇರುವುದು. ಅಲ್ಲಿ ಹೆಚ್ಚಾಗಿ 2 ವಾರದ ಕೆಲಸ. 1950ರಿಂದ ಇರುವ ಮೆನೊನೈಟ್ ಡಿಸಾಸ್ಟರ್ ಸರ್ವಿಸ್ ಮೆನೊನೈಟ್ ಅನ್ನುವ ಕ್ರೈಸ್ತ ಪಂಗಡದ, ಮರಗೆಲಸದಲ್ಲಿ ಪಳಗಿದ ಜನರದು. ನಿಜವಾಗಿ ಕೆಲಸ ಕಲಿಯಬೇಕು ಅಂದರೆ ಅವರ ಪಕ್ಕ ನಿಲ್ಲಬೇಕು.

‘ನಾವು ಹಿಂದೂಗಳು, ನಮ್ಮನ್ನು ಸೇರಿಸಿಕೊಳ್ತಾರಾ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಹ್ಯಾಬಿಟ್ಯಾಟ್ ಕ್ರೈಸ್ತ ಸಂಸ್ಥೆಯೇ ಆದರೂ ಯಾವ ಮತದವರಿಗೂ ಬಾಗಿಲು ತೆರೆದಿದೆ. ಮನೆ ಪಡೆಯುವವರ ಮತವನ್ನೂ ಅದು ನೋಡುವುದಿಲ್ಲ. ಕೆಲವು ಗುಂಪುಗಳು ಮಾತ್ರ ಕ್ರೈಸ್ತ ನಂಬಿಕೆಯ ಹೇಳಿಕೆಗೆ ಸಹಿ ಕೇಳುತ್ತವೆ. ನಂಬಿಕೆ ಇಲ್ಲದೆ ಅಂಥ ಕಾಗದಕ್ಕೆ ಸಹಿ ಹಾಕಬೇಡಿ. ಅವರಿಗೂ ಅದು ಸರಿಯಲ್ಲ, ನಿಮಗೂ ಅಲ್ಲ. ಫಾರ್ಮ್ ತುಂಬುವ ಮೊದಲೇ ‘ನಾವು ಕ್ರೈಸ್ತರಲ್ಲ, ಕೆಲಸಕ್ಕೆ ಬರಬಹುದೇ’ ಅಂತ ನೇರವಾಗಿ ಕೇಳಿ. ನೇರ ಪ್ರಶ್ನೆಗೆ ಇಲ್ಲಿನವರು ಬೇಜಾರು ಮಾಡಿಕೊಳ್ಳುವುದಿಲ್ಲ. ಬೀದರ್, ಕೋಲಾರದ ಕಡೆಯ ಮೆಥಡಿಸ್ಟ್ ಮನೆತನಗಳಿಂದ ಬಂದವರಿಗೆ ಈ ತೊಡಕೇ ಇಲ್ಲ. ನಿಮ್ಮ ಊರಿನ ಚರ್ಚಿನ ಪರಿಚಯ ಹೇಳಿಕೊಂಡರೆ ಅವರಿಗೆ ತುಂಬ ಖುಷಿಯಾಗುತ್ತದೆ.

ಬೆಳಗ್ಗೆ ಕೆಲಸಕ್ಕೆ ಮುಂಚೆ ಪ್ರಾರ್ಥನೆ ಇರುತ್ತದೆ. ಸುತ್ತ ನಿಂತು ಕೈ ಹಿಡಿದುಕೊಳ್ಳುತ್ತಾರೆ. ನೀವು ತಲೆ ಬಾಗಿಸಿ ಸುಮ್ಮನೆ ನಿಂತರೆ ಸಾಕು. ಎರಡು ಮಾತು ಹೇಳಿ ಅಂತ ನಿಮ್ಮನ್ನೂ ಕರೆದರೆ, ಬಾಯಿಗೆ ಬರುವ ಒಂದು ವಚನ ಹೇಳಿ ಅದರ ಅರ್ಥ ಬಿಡಿಸಿ ಹೇಳಿ. ಆಸೆಯಿಂದ ಕೇಳುತ್ತಾರೆ.

ಇನ್ನು ವೀಸಾ. ಇದನ್ನು ದಯವಿಟ್ಟು ಎರಡು ಸಲ ಓದಿ. ಸಿಟಿಜನ್ ಆದವರಿಗೂ ಗ್ರೀನ್ ಕಾರ್ಡ್ ಇರುವವರಿಗೂ ಅಡ್ಡಿ ಇಲ್ಲ. ಎಚ್-1ಬಿ, ಎಚ್-4ರಲ್ಲಿ ಇರುವವರು ಎಚ್ಚರವಾಗಿರಬೇಕು. ಸಂಬಳವಿಲ್ಲದ ಸೇವೆಗೆ ಅಡ್ಡಿಯಿಲ್ಲ ಅನ್ನುವುದು ಸಾಮಾನ್ಯ ನಿಯಮ. ಆದರೆ ಆ ಕೆಲಸಕ್ಕೆ ಬದಲಾಗಿ ಏನೂ ಸಿಗಬಾರದು. ಪುಕ್ಕಟೆ ಹುಕಪ್ ಜಾಗವನ್ನು ಯಾರಾದರೂ ‘ಪ್ರತಿಫಲ’ ಅಂತ ಲೆಕ್ಕ ಹಾಕುವ ಸಾಧ್ಯತೆ ಇದೆ. ಹಾಗಾಗಿ ಹೊರಡುವ ಮೊದಲು ಇಮಿಗ್ರೇಷನ್ ವಕೀಲರನ್ನು ಕೇಳಿ. ದಿನದ ಮಟ್ಟಿಗೆ ಹೋಗಿ ಕೆಲಸ ಮಾಡಿ, ರಾತ್ರಿ ದುಡ್ಡು ಕೊಟ್ಟು ಬೇರೆ ಕ್ಯಾಂಪ್‌ಗ್ರೌಂಡ್‌ನಲ್ಲಿ ತಂಗುವುದು ಇನ್ನೂ ಸುರಕ್ಷಿತ. ಬಾಣಂತನಕ್ಕೆ ಅಂತ ವಿಸಿಟರ್ ವೀಸಾದಲ್ಲಿ ಬಂದ ಅಪ್ಪ ಅಮ್ಮನನ್ನು ಮೋಟರ್‌ಹೋಮ್‌ನಲ್ಲಿ ಕರೆದುಕೊಂಡು ಹೋಗಬಹುದು, ತೊಂದರೆ ಇಲ್ಲ. ಅವರ ಹೆಸರನ್ನು ಕೆಲಸಗಾರರ ಪಟ್ಟಿಯಲ್ಲಿ ಮಾತ್ರ ಬರೆಸಬೇಡಿ. ವಿಸಿಟರ್ ವೀಸಾದಲ್ಲೇ ಒಂದು ಬಗೆಯಾದ ಬಿ-1ರಲ್ಲಿ ಧಾರ್ಮಿಕ ಸಂಸ್ಥೆಗಳ ಸ್ವಯಂಸೇವೆಗೆ ಅವಕಾಶ ಉಂಟು. ಆದರೆ ಅದು ಆ ಸಂಸ್ಥೆಯ ಸದಸ್ಯರಿಗೆ, ಅದೇ ಉದ್ದೇಶ ಹೇಳಿ ಬಂದವರಿಗೆ.

ಗ್ರೀನ್ ಕಾರ್ಡ್‌ನವರು ಕಾರ್ಡನ್ನು ಸದಾ ಜೇಬಲ್ಲಿ ಇಟ್ಟುಕೊಳ್ಳಬೇಕು. ಅದು ಕಾನೂನು. ಚಳಿಗಾಲದಲ್ಲಿ ಮೋಟರ್‌ಹೋಮ್‌ನವರು ಟೆಕ್ಸಾಸ್‌ನ ದಕ್ಷಿಣ ತುದಿಗೆ ಸಾಲಾಗಿ ಇಳಿಯುತ್ತಾರೆ. ಅಲ್ಲಿಂದ ವಾಪಸ್ ಉತ್ತರಕ್ಕೆ ಹೊರಟಾಗ ಫಾಲ್ಫೂರಿಯಸ್, ಸರೀಟಾದಂಥ ಕಡೆ ಬಾರ್ಡರ್ ಪಟ್ರೋಲ್ ಚೆಕ್‌ಪೋಸ್ಟ್ ಇದೆ. ದೇಶದ ಒಳಗೇ ಇದ್ದರೂ ಅಲ್ಲಿ ಗಾಡಿ ನಿಲ್ಲಿಸಬೇಕು, ನೀವು ಸಿಟಿಜನ್ನೇ ಅಂತ ಕೇಳುತ್ತಾರೆ. ಇನ್ನೊಂದು: ಮನೆ ಮಾರಿ ಪೂರ್ತಿ ರಸ್ತೆಯ ಮೇಲೇ ಬಾಳುವವರು ಸೌತ್ ಡಕೋಟ, ಟೆಕ್ಸಾಸ್, ಫ್ಲೋರಿಡಾಗಳಲ್ಲಿ ಒಂದು ವಿಳಾಸ ಮಾಡಿಕೊಂಡು ಅಂಚೆಯನ್ನು ತಾವಿದ್ದಲ್ಲಿಗೆ ತರಿಸಿಕೊಳ್ಳುತ್ತಾರೆ. ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ ಅನ್ನುವುದೂ ಒಂದು ಕಾರಣ. ನೀವೂ ಹಾಗೆ ಮಾಡಿದರೆ, ಸಿಟಿಜನ್ ಅಲ್ಲದವರು ವಿಳಾಸ ಬದಲಾದ 10 ದಿನದೊಳಗೆ ಎಆರ್-11 ಫಾರ್ಮ್ ಮೂಲಕ ಇಮಿಗ್ರೇಷನ್ ಇಲಾಖೆಗೆ ತಿಳಿಸಬೇಕು. ಆನ್‌ಲೈನ್‌ನಲ್ಲಿ ಆಗುತ್ತದೆ, ದುಡ್ಡಿಲ್ಲ.

65 ದಾಟಿದವರಿಗೆ ಒಂದು ಕಿವಿಮಾತು. ಮೆಡಿಕೇರ್ ಅಂದರೆ ಸರ್ಕಾರದ ಆರೋಗ್ಯ ಇನ್ಶೂರೆನ್ಸ್. ಅದನ್ನು ಖಾಸಗಿ ಕಂಪನಿಗಳ ಮೂಲಕ ಕೊಡುವ ಮೆಡಿಕೇರ್ ಅಡ್ವಾಂಟೇಜ್ ಪ್ಲಾನುಗಳು ಬಹುತೇಕ ನಿಮ್ಮನ್ನು ನಿಮ್ಮ ಕೌಂಟಿಯ ಸುತ್ತಲಿನ ಡಾಕ್ಟರುಗಳಿಗೆ ಕಟ್ಟಿಹಾಕುತ್ತವೆ. ಊರೂರು ಸುತ್ತುವವರಿಗೆ ಸರ್ಕಾರದ ಮೂಲ ಮೆಡಿಕೇರ್ ಮತ್ತು ಅದು ಕೊಡದೆ ಉಳಿಸುವ ಖರ್ಚಿಗೆ ಮೆಡಿಗ್ಯಾಪ್ ಅನ್ನುವ ಖಾಸಗಿ ಪಾಲಿಸಿಯೇ ಮೇಲು. ಮೆಡಿಕೇರ್ ಒಪ್ಪಿಕೊಳ್ಳುವ ಡಾಕ್ಟರು ಯಾವ ರಾಜ್ಯದಲ್ಲಿದ್ದರೂ ನಡೆಯುತ್ತದೆ.

ಗಾಡಿಯ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಕ್ಲಾಸ್ ಎ ಅಂದರೆ ಬಸ್ಸಿನಷ್ಟು ದೊಡ್ಡದು. ಕ್ಲಾಸ್ ಬಿ ಅಂದರೆ ವ್ಯಾನ್. ಕ್ಲಾಸ್ ಸಿ ಇವೆರಡರ ನಡುವಿನದು, ಡ್ರೈವರ್ ತಲೆಯ ಮೇಲೆ ಹಾಸಿಗೆ ಇರುತ್ತದೆ. ಇಬ್ಬರಿಗೆ ಹಳೆಯ ಕ್ಲಾಸ್ ಸಿ ಸಾಕು. ಮೊದಲು ಬಾಡಿಗೆಗೆ ಒಂದು ಗಾಡಿ ತೆಗೆದುಕೊಂಡು ಒಂದು ಪ್ರಾಜೆಕ್ಟ್ ಮುಗಿಸಿ, ಆಮೇಲೆ ಕೊಳ್ಳುವ ಯೋಚನೆ ಮಾಡಿ. 26,000 ಪೌಂಡ್ ಒಳಗಿನ ಗಾಡಿಗೆ ಸಾಮಾನ್ಯವಾಗಿ ಮಾಮೂಲಿ ಕಾರ್ ಲೈಸೆನ್ಸ್ ನಡೆಯುತ್ತದೆ. ಅದಕ್ಕಿಂತ ಭಾರದ್ದಕ್ಕೆ ಟೆಕ್ಸಾಸ್‌ನಂಥ ರಾಜ್ಯದಲ್ಲಿ ಬೇರೆ ದರ್ಜೆಯ ಲೈಸೆನ್ಸ್ ಬೇಕು. ಗಾಡಿಯ ಎತ್ತರವನ್ನು, ಮೇಲಿನ ಎಸಿ ಸಮೇತ ಅಳೆದು, ಸ್ಟೇರಿಂಗ್ ಪಕ್ಕ ಬರೆದು ಅಂಟಿಸಿ. ನ್ಯೂಯಾರ್ಕ್‌ನ ಪಾರ್ಕ್‌ವೇ ಅನ್ನುವ ಕಾರು ರಸ್ತೆಗಳಲ್ಲಿರುವ ತಗ್ಗು ಸೇತುವೆಗಳಡಿ ಮೋಟರ್‌ಹೋಮ್ ಹೋಗುವುದಿಲ್ಲ. ಕಾರಿನ ಜಿಪಿಎಸ್‌ಗೆ ಇದು ಗೊತ್ತಾಗುವುದಿಲ್ಲ.

ಅಡುಗೆ ನಮಗೆ ಮುಖ್ಯ, ಅಲ್ವಾ? ಚರ್ಚಿನ ಜಾಗದಲ್ಲಿ ಹಲವು ಕಡೆ 30 ಆಂಪ್ ಪ್ಲಗ್ ಮಾತ್ರ ಇರುತ್ತದೆ. 120 ವೋಲ್ಟ್ ಲೆಕ್ಕದಲ್ಲಿ ಒಟ್ಟು 3,600 ವಾಟ್. ಮೇಲಿನ ಎಸಿ ಓಡುತ್ತಿರುವಾಗಲೇ 1,800 ವಾಟ್‌ನ ಇಂಡಕ್ಷನ್ ಒಲೆ ಹಚ್ಚಿ, ನೀರಿನ ಹೀಟರೂ ಆನ್ ಆದರೆ ಬ್ರೇಕರ್ ಬೀಳುತ್ತದೆ. ಅನ್ನ, ಬೇಳೆಯ ಕುಕ್ಕರನ್ನು ಗ್ಯಾಸ್ ಒಲೆಯ ಮೇಲಿಡಿ. ಒಗ್ಗರಣೆಗೆ ಹೊರಗೆ ಮೇಜಿನ ಮೇಲೆ ಒಂದು ಸಣ್ಣ ಒಲೆ ಇದ್ದರೆ ಒಳಗೆಲ್ಲ ಘಾಟು ತುಂಬುವುದಿಲ್ಲ. ಪಾತ್ರೆ ತೊಳೆದ ನೀರು ಒಂದು ಟ್ಯಾಂಕಿಗೆ ಹೋಗುತ್ತದೆ, ಕಕ್ಕಸಿನದು ಇನ್ನೊಂದಕ್ಕೆ. ಖಾಲಿ ಮಾಡುವಾಗ ಕಕ್ಕಸಿನ ಟ್ಯಾಂಕ್ ಮೊದಲು, ಪಾತ್ರೆ ನೀರಿನದು ಆಮೇಲೆ. ಹಾಗೆ ಮಾಡಿದರೆ ಪೈಪು ತಾನಾಗಿ ತೊಳೆದುಹೋಗುತ್ತದೆ. ಸಂಜೆ ಪಾಟ್‌ಲಕ್ ಊಟ, ಅಂದರೆ ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಊಟ, ಇದ್ದಾಗ ಚಿತ್ರಾನ್ನ ತೆಗೆದುಕೊಂಡು ಹೋಗಿ. ಕಡಲೆಬೀಜದ ಅಲರ್ಜಿ ಇರುವವರಿದ್ದಾರಾ ಅಂತ ಮೊದಲು ಕೇಳಿ, ಪಾತ್ರೆಯ ಪಕ್ಕ ಚೀಟಿ ಇಡಿ.

ಕೆಲಸ ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ನಮ್ಮೂರಿನ ಇಟ್ಟಿಗೆ ಸಿಮೆಂಟಿನ ಮನೆಯಲ್ಲಿ ಗೋಡೆ ಒಡೆಯಲು ಗಾರೆಯವರೇ ಬೇಕು. ಇಲ್ಲಿನದು ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಮನೆ. ಆ ಹಲಗೆಯೇ ಡ್ರೈವಾಲ್. ಅಗಲ 4 ಅಡಿ, ಉದ್ದ ಹೆಚ್ಚಾಗಿ 8 ಅಡಿ. ನೆರೆ ನೀರು ಎರಡು ಮೂರು ಅಡಿ ನಿಂತು ಹೋದ ಮನೆಯಲ್ಲಿ ಗೋಡೆಯನ್ನು ನೆಲದಿಂದ 4 ಅಡಿ ಎತ್ತರಕ್ಕೆ ಕತ್ತರಿಸಿ ತೆಗೆಯುತ್ತಾರೆ. ಒಳಗಿನ ಒದ್ದೆ ಹತ್ತಿಯಂಥ ಇನ್ಸುಲೇಷನ್ ಕಿತ್ತು, ಮರ ಚೆನ್ನಾಗಿ ಒಣಗುವವರೆಗೆ ಬಿಡುತ್ತಾರೆ. ಆಮೇಲೆ ಹೊಸ ಹಲಗೆಯನ್ನು ಅಡ್ಡ ಇಟ್ಟರೆ ಆ 4 ಅಡಿಗೆ ಸರಿಯಾಗಿ ಕೂರುತ್ತದೆ. ಕರೆಂಟು, ನೀರಿನ ಕೊಳವೆ ಕೆಲಸ ಲೈಸೆನ್ಸ್ ಇರುವವರದು, ಅದಕ್ಕೆ ಕೈ ಹಾಕಬಾರದು. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸ ಇರಬಹುದು. ಲೀಡರ್ ಹೇಳುವ ಮೊದಲು ಏನನ್ನೂ ಉಜ್ಜಬೇಡಿ, ಕೆರೆಯಬೇಡಿ.

ನನಗೆ ತುಂಬ ಮುಖ್ಯ ಅನಿಸುವ ಕೆಲಸ ರ‍್ಯಾಂಪ್. ಗಾಲಿಕುರ್ಚಿಗೆ ಮನೆ ಬಾಗಿಲಿಂದ ಕೆಳಗಿಳಿಯುವ ಇಳಿಜಾರು ಅದು. ನಿಯಮ ಸರಳ: ಒಂದು ಇಂಚು ಎತ್ತರಕ್ಕೆ ಒಂದು ಅಡಿ ಉದ್ದ. ಜಗಲಿ 30 ಇಂಚು ಎತ್ತರ ಇದ್ದರೆ ರ‍್ಯಾಂಪ್ 30 ಅಡಿ. ಅಂಗಳ ಚಿಕ್ಕದಾದರೆ ನಡುವೆ 5 ಅಡಿ ಚೌಕದ ಕಟ್ಟೆ ಮಾಡಿ ತಿರುಗಿಸಬೇಕು. ಕೈಹಿಡಿ 34ರಿಂದ 38 ಇಂಚು ಎತ್ತರದಲ್ಲಿ, ಎರಡೂ ಕಡೆ. ಹಲಗೆಗಳ ನಡುವೆ ನೀರು ಇಳಿಯುವಷ್ಟು ಸಂದಿ ಬಿಡಬೇಕು, ಆದರೆ ಊರುಗೋಲಿನ ತುದಿ ಸಿಕ್ಕಿಬೀಳುವಷ್ಟು ಅಲ್ಲ. ಮೊಳೆ ಬೇಡ, ಸ್ಕ್ರೂ ಹಾಕಿ. ಅದರ ತಲೆ ಮೇಲೆ ಎದ್ದಿದೆಯೇ ಅಂತ ಕೊನೆಗೆ ಒಬ್ಬರು ಬರಿಗೈಯಲ್ಲಿ ಸವರಿ ನೋಡುತ್ತಾರೆ. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವ ಮುದುಕರನ್ನು ಇಬ್ಬರು ಸೇರಿ ಮೆಟ್ಟಿಲಿಳಿಸುವ ಮನೆಗಳು ಅಪಲೇಚಿಯದ ಬೆಟ್ಟಗಳಲ್ಲಿ ಬೇಕಾದಷ್ಟಿವೆ. ನಾಲ್ಕೈದು ಜನ ಕೆಲವೇ ದಿನ ದುಡಿದರೆ ಆ ಮನೆಯ ದಿನಚರಿಯೇ ಬದಲಾಗುತ್ತದೆ. ಇಷ್ಟು ನೇರವಾಗಿ ಫಲ ಕಾಣುವ ಸೇವೆ ನಾನು ಬೇರೆ ನೋಡಿಲ್ಲ.

ಮನೆಯವರು ಐಸ್ ಹಾಕಿದ ಸಿಹಿ ಟೀ ತಂದುಕೊಟ್ಟರೆ ಕೆಲಸ ನಿಲ್ಲಿಸಿ, ಕೂತು ಕುಡಿಯಿರಿ. ಅವರ ಮಾತು ಕೇಳುವುದೂ ಕೆಲಸದಲ್ಲೇ ಸೇರಿದ್ದು ಅಂತ ಎಲ್ಲ ಗುಂಪಿನವರೂ ಹೇಳಿಕೊಡುತ್ತಾರೆ. ಅವರನ್ನು ಕೇಳದೆ ಮನೆಯ ಒಳಗಿನ ಫೋಟೊ ತೆಗೆಯಬೇಡಿ. ವಾಟ್ಸಾಪ್ ಗುಂಪಿಗೆ ಹಾಕಲೇಬೇಡಿ.

ಪ್ರತಿದಿನ ಹಾಜರಿ ಹಾಳೆಯಲ್ಲಿ ಬಂದ ಹೊತ್ತು, ಹೋದ ಹೊತ್ತು ಬರೆಯಬೇಕು. ನಮ್ಮವರು ಸಂಕೋಚಪಟ್ಟು ಬಿಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಘೋಷಿತ ವಿಪತ್ತಿನ ಸಾರ್ವಜನಿಕ ಖರ್ಚಿನಲ್ಲಿ ಕೇಂದ್ರ ಕನಿಷ್ಠ ನೂರಕ್ಕೆ 75 ಕೊಡುತ್ತದೆ. ಉಳಿದದ್ದು ರಾಜ್ಯ ಮತ್ತು ಊರಿನ ಪಾಲು. ನಿಯಮಕ್ಕೆ ಒಳಪಟ್ಟ ಕೆಲಸವಾದರೆ ದಾಖಲಾದ ಸ್ವಯಂಸೇವೆಯ ಗಂಟೆಗಳನ್ನೂ ಆ ಪಾಲಿಗೆ ಲೆಕ್ಕ ಹಿಡಿಯಬಹುದು. ನಿಮ್ಮ ಒಂದು ಸಹಿ ಆ ಊರಿಗೆ ದುಡ್ಡು. ನಿಮ್ಮ ತೆರಿಗೆಗೂ ಗಾಡಿಯ ಲಾಗ್ ಇಟ್ಟುಕೊಳ್ಳಿ. ಕಡಿತಗಳನ್ನು ಒಂದೊಂದಾಗಿ ತೋರಿಸುವವರಿಗೆ ಸೇವೆಗಾಗಿ ಓಡಿಸಿದ ಮೈಲಿಗೆ 14 ಸೆಂಟ್ ಕಡಿತ ಸಿಗುತ್ತದೆ. ನಿಮ್ಮ ಹೊತ್ತಿಗೆ ಏನೂ ಇಲ್ಲ. ಪ್ರವಾಸವೇ ಮುಖ್ಯವಾಗಿದ್ದರೆ ಆ ಮೈಲಿ ಲೆಕ್ಕಕ್ಕೆ ಬರುವುದಿಲ್ಲ.

ಚಳಿಗಾಲದ ಫ್ಲೋರಿಡಾ, ಟೆಕ್ಸಾಸ್ ಜಾಗಗಳು ಬೇಗ ತುಂಬುತ್ತವೆ, ಬೇಸಿಗೆಯಲ್ಲೇ ಹೆಸರು ಕೊಡಿ. ಹಿನ್ನೆಲೆ ತಪಾಸಣೆಗೆ ಒಪ್ಪಿಗೆ ಕೇಳುತ್ತಾರೆ, ಅದು ಎಲ್ಲರಿಗೂ ಇರುವುದೇ. ದೊಡ್ಡ ಹತಾರ ಅವರ ಟ್ರೇಲರ್‌ನಲ್ಲಿ ಇರುತ್ತದೆ. ನೀವು ಟೇಪು, ಸುತ್ತಿಗೆ, ಕೈಗವಸು, ಕಣ್ಣಿಗೆ ಕನ್ನಡಕ, ಒಳ್ಳೆಯ ಮಾಸ್ಕ್ ತೆಗೆದುಕೊಂಡು ಹೋಗಿ. ಕೆಲಸದ ಬೂಟು ಮಾತ್ರ ಕೆಲವು ವಾರ ಮೊದಲೇ ಕೊಂಡು, ಮನೆಯ ಸುತ್ತ ಹಾಕಿಕೊಂಡು ಓಡಾಡಿ. ಹೊಸ ಬೂಟಿನಲ್ಲಿ ಏಣಿ ಹತ್ತಬಾರದು.