ಸೈಡ್ ಮಿರರ್ ಅಲ್ಲಾಡದಿದ್ದರೆ ಮೊದಲೇ ಸ್ಕ್ರೂಡ್ರೈವರ್ ಹಿಡಿಯಬೇಡಿ

ನನ್ನ ಕಾರಿನಲ್ಲಿ ಪಕ್ಕದ ಸೀಟಿನ ಕಡೆಯ ಸೈಡ್ ಮಿರರ್ ಕೆಲಸ ನಿಲ್ಲಿಸಿತು. ಸ್ವಿಚ್ ಯಾವ ಕಡೆ ಒತ್ತಿದರೂ ಗಾಜು ಮಿಸುಕಲ್ಲ. ತೋರಿಸಿದ ಕಡೆ ಸಿಕ್ಕ ಉತ್ತರ: ಮೋಟಾರ್ ಹೋಗಿದೆ, ಇಡೀ ಮಿರರ್ ಸೆಟ್ ಬದಲಾಯಿಸಬೇಕು. ನಾನು ಬದಲಾಯಿಸಲಿಲ್ಲ. ಮೋಟಾರ್ ಚೆನ್ನಾಗಿಯೇ ಇತ್ತು. ಆ ಮಿರರ್ ಇದ್ದ ಬಾಗಿಲಲ್ಲೂ ಏನೂ ತೊಂದರೆ ಇರಲಿಲ್ಲ. ಅದನ್ನು ಹೇಗೆ ಹುಡುಕಿದೆ ಅಂತ ಹೇಳ್ತೀನಿ, ಯಾಕಂದ್ರೆ ಇದೇ ದಾರಿ ಹೆಚ್ಚಿನ ಕಾರುಗಳಿಗೆ ನಡೆಯುತ್ತದೆ.

ಮೊದಲು ಒಳಗೆ ಏನಿದೆ ಅನ್ನೋದು ಗೊತ್ತಿರಬೇಕು. ಗಾಜಿನ ಹಿಂದೆ ಎರಡು ಪುಟ್ಟ ಡಿಸಿ ಮೋಟಾರ್ ಇರುತ್ತವೆ. ಒಂದು ಗಾಜನ್ನು ಮೇಲೆ ಕೆಳಗೆ ಮಾಡುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಎರಡಕ್ಕೂ ಸೇರಿ ಸಾಮಾನ್ಯವಾಗಿ ಮೂರೇ ವೈರ್. ಒಂದೊಂದು ಮೋಟಾರ್‌ಗೆ ಒಂದೊಂದು, ಮೂರನೆಯದು ಎರಡಕ್ಕೂ ಕಾಮನ್. ಮೇಲಕ್ಕೆ ಅಂತ ಒತ್ತಿದಾಗ ಸ್ವಿಚ್ ಏನು ಮಾಡುತ್ತದೆ ಅಂದ್ರೆ, ಮೇಲೆ-ಕೆಳಗಿನ ಮೋಟಾರ್‌ನ ವೈರ್‌ಗೆ 12 ವೋಲ್ಟ್ ಕೊಟ್ಟು ಕಾಮನ್ ವೈರ್ ಅನ್ನು ಅರ್ಥ್‌ಗೆ (ಬ್ಯಾಟರಿಯ ಮೈನಸ್‌ಗೆ ಸೇರಿದ ಕಾರಿನ ಬಾಡಿಗೆ) ಸೇರಿಸುತ್ತದೆ. ಕೆಳಕ್ಕೆ ಅಂತ ಒತ್ತಿದಾಗಲೂ ಅದೇ ಎರಡು ವೈರ್, ಪ್ಲಸ್ ಮೈನಸ್ ಮಾತ್ರ ಅದಲುಬದಲು. ಅಷ್ಟೇ ಇರೋದು. ಆದರೆ ಇದೊಂದು ಗೊತ್ತಿದ್ದರೆ ಪ್ಯಾನೆಲ್ ಬಿಚ್ಚುವ ಮುಂಚೆಯೇ ಅರ್ಧ ಕೆಲಸ ಮುಗಿಯುತ್ತದೆ.

ಹೇಗೆ ಅಂದ್ರೆ, ಗಾಜು ಮೇಲೆ ಹೋಗುತ್ತೆ ಕೆಳಗೆ ಬರಲ್ಲ ಅಂತಿಟ್ಟುಕೊಳ್ಳಿ. ಮೇಲೆ ಹೋಗಿದೆ ಅಂದಮೇಲೆ ಮೋಟಾರ್ ಸರಿ ಇದೆ, ಎರಡೂ ವೈರ್ ಸರಿ ಇವೆ, ಯಾಕಂದ್ರೆ ಕೆಳಗೆ ಬರೋದಕ್ಕೂ ಅವೇ ಬೇಕು. ಹಾಗಾದರೆ ಉಳಿದದ್ದು ಸ್ವಿಚ್ ಒಳಗಿನ ಕಾಂಟ್ಯಾಕ್ಟ್, ಅಂದ್ರೆ ಒತ್ತಿದಾಗ ಒಂದಕ್ಕೊಂದು ತಾಗುವ ಲೋಹದ ತುಂಡುಗಳು. ಸೆಲೆಕ್ಟರ್ ಅನ್ನು (ಯಾವ ಕಡೆಯ ಮಿರರ್ ಅಂತ ಆರಿಸುವ ಗುಂಡಿ) ಇನ್ನೊಂದು ಮಿರರ್ ಕಡೆ ತಿರುಗಿಸಿ ನೋಡಿ, ಅಲ್ಲೂ ಕೆಳಗೆ ಬರದಿದ್ದರೆ ಸ್ವಿಚ್ಚೇ ಕಳ್ಳ. ಇನ್ನೊಂದು ಮಿರರ್ ಸರಿಯಾಗಿ ಬಂದರೆ ಈ ಗಾಜಿಗೆ ಏನಾದರೂ ಅಡ್ಡ ಸಿಕ್ಕಿಕೊಂಡಿದೆಯಾ ನೋಡಿ. ಮೇಲೂ ಇಲ್ಲ ಕೆಳಗೂ ಇಲ್ಲ, ಆದರೆ ಎಡ-ಬಲ ಚೆನ್ನಾಗಿದೆ ಅಂದ್ರೆ ಆ ಒಂದು ಮೋಟಾರ್, ಇಲ್ಲವೇ ಅದರ ಒಂದು ವೈರ್, ಇಲ್ಲವೇ ಸೆಲೆಕ್ಟರ್‌ನಲ್ಲಿ ಅದರ ಕಾಂಟ್ಯಾಕ್ಟ್. ಕಾಮನ್ ಮೇಲೆ ಅನುಮಾನ ಬೇಡ. ಎರಡೂ ಮಿರರ್ ಸತ್ತಿದ್ದರೆ ಫ್ಯೂಸ್ ನೋಡಿ, ಸ್ವಿಚ್‌ಗೆ ಬರುವ ಸಪ್ಲೈ ಮತ್ತು ಅರ್ಥ್ ನೋಡಿ. ಮಿರರ್‌ನ ಫ್ಯೂಸ್ ಎಷ್ಟೋ ಕಾರುಗಳಲ್ಲಿ ಬೇರೆ ಯಾವುದಾದರೂ ಸಣ್ಣಪುಟ್ಟ ಸಾಮಾನಿನ ಜೊತೆ ಹಂಚಿಕೊಂಡಿರುತ್ತದೆ, ಅದೂ ನಿಂತಿದೆಯಾ ಅಂತ ನೋಡಿದರೆ ಬೇಗ ಗೊತ್ತಾಗುತ್ತದೆ. ಮೋಟಾರ್ ಗೊರ್ ಅನ್ನುತ್ತೆ ಗಾಜು ಮಾತ್ರ ಅಲ್ಲಾಡಲ್ಲ, ಇಲ್ಲಾ ಟಕ್ ಟಕ್ ಅಂತ ಜಾರುವ ಸದ್ದು ಬರುತ್ತೆ ಅಂದ್ರೆ ಅದು ಕರೆಂಟಿನ ಸಮಸ್ಯೆಯೇ ಅಲ್ಲ, ಪ್ಲಾಸ್ಟಿಕ್ ಗೇರ್ ಸವೆದಿರುತ್ತದೆ ಅಥವಾ ಗಾಜು ಹಿಂದಿನ ಕೀಲಿನಿಂದ ಕಳಚಿಕೊಂಡಿರುತ್ತದೆ. ಸೆಲೆಕ್ಟರ್ ನಡುವೆ ಇದ್ದರೆ ಏನೂ ಅಲ್ಲಾಡಲ್ಲ, ಇದನ್ನೂ ರಿಪೇರಿ ಅಂತ ತರುವವರಿದ್ದಾರೆ, ನಗಬೇಡಿ.

ಒಂದು ವಿಚಿತ್ರ ಲಕ್ಷಣವೂ ಇದೆ. ಕೆಲವು ಸ್ವಿಚ್‌ಗಳು ಕೆಲಸವಿಲ್ಲದ ವೈರ್ ಅನ್ನೂ ಅರ್ಥ್‌ಗೆ ಸೇರಿಸಿಟ್ಟಿರುತ್ತವೆ. ಅಂಥ ಕಾರಿನಲ್ಲಿ ಕಾಮನ್ ವೈರ್ ಕಡಿದರೆ ಕರೆಂಟ್ ಒಂದು ಮೋಟಾರ್ ದಾಟಿ ಇನ್ನೊಂದರ ಮೂಲಕ ವಾಪಸ್ ಹೋಗುತ್ತದೆ. ಆಗ ಮೇಲಕ್ಕೆ ಅಂತ ಒತ್ತಿದರೆ ಗಾಜು ನಿಧಾನವಾಗಿ ಓರೆಯಾಗಿ ಹೋಗುತ್ತದೆ. ಇದನ್ನು ನೋಡಿದ ಕೂಡಲೇ ಕಾಮನ್ ಅಂತ ಹೇಳಿಬಿಡಬಹುದು.

ಈಗ ನನ್ನ ಕಾರಿಗೆ ಬರೋಣ. ಪಕ್ಕದ ಸೀಟಿನ ಕಡೆಯದು ನಾಲ್ಕೂ ದಿಕ್ಕಿಗೆ ಸತ್ತಿದೆ. ಡ್ರೈವರ್ ಕಡೆಯದು ಅದೇ ಸ್ವಿಚ್‌ನಿಂದ ನಾಲ್ಕೂ ದಿಕ್ಕಿಗೆ ಓಡುತ್ತಿದೆ. ಅಂದರೆ ಫ್ಯೂಸ್, ಸ್ವಿಚ್‌ನ ಸಪ್ಲೈ, ಅರ್ಥ್, ದಿಕ್ಕಿನ ಕಾಂಟ್ಯಾಕ್ಟ್ ಎಲ್ಲಾ ಸರಿ. ಸತ್ತ ಮಿರರ್‌ನಲ್ಲೇ ಇರುವ ಇಂಡಿಕೇಟರ್ ಮಿನುಗುತ್ತಿತ್ತು. ಹಿಂದಿನ ಗಾಜಿನ ಹೀಟರ್ ಹಾಕಿ ಸ್ವಲ್ಪ ಹೊತ್ತು ಬಿಟ್ಟು ಮುಟ್ಟಿದರೆ ಮಿರರ್ ಗಾಜೂ ಬೆಚ್ಚಗಿತ್ತು, ನನ್ನ ಕಾರಿನಲ್ಲಿ ಎರಡೂ ಒಟ್ಟಿಗೆ ಆನ್ ಆಗುತ್ತವೆ. ಹಾಗಾಗಿ ಕನೆಕ್ಟರ್ ಕಳಚಿಕೊಂಡಿಲ್ಲ. ಉಳಿದದ್ದು ಮೋಟಾರ್‌ಗಳು, ಅವಕ್ಕೆ ಹೋಗುವ ಮೂರು ವೈರ್, ಸೆಲೆಕ್ಟರ್‌ನ ಆ ಕಡೆಯ ಕಾಂಟ್ಯಾಕ್ಟ್. ಎರಡು ಮೋಟಾರ್ ಒಂದೇ ಸಲಕ್ಕೆ ಸಾಯೋದು ತೀರಾ ಅಪರೂಪ, ಅಲ್ವಾ? ಎರಡಕ್ಕೂ ಸೇರಿದ್ದು ಏನಿದೆಯೋ ಅದನ್ನೇ ಮೊದಲು ಹಿಡೀಬೇಕು. ಅದು ಕಾಮನ್ ವೈರ್.

ಇಷ್ಟಾದ ಮೇಲೆ ಬಾಗಿಲಿನ ಪ್ಯಾಡ್ ಬಿಚ್ಚಿದೆ. ಒಂದು ಎಚ್ಚರಿಕೆ. ಕೆಲವು ಕಾರುಗಳ ಬಾಗಿಲಲ್ಲಿ ಸೈಡ್ ಏರ್‌ಬ್ಯಾಗ್‌ನ ಸೆನ್ಸರ್ ಇರುತ್ತದೆ, ಅದರ ಕನೆಕ್ಟರ್ ಹೆಚ್ಚಾಗಿ ಹಳದಿ. ಅದನ್ನು ಬಿಚ್ಚಬೇಡಿ, ಅದರ ವೈರ್‌ಗೆ ಮಲ್ಟಿಮೀಟರ್ ಮುಟ್ಟಿಸಬೇಡಿ.

ಮಿರರ್‌ನ ಕನೆಕ್ಟರ್ ಕಳಚಿ, ಹಾರ್ನೆಸ್ ಕಡೆಯ, ಅಂದ್ರೆ ಸ್ವಿಚ್‌ನಿಂದ ಬರುವ ವೈರ್ ಕಟ್ಟಿನ ಕಡೆಯ, ಎರಡು ಪಿನ್‌ಗೆ ಮೀಟರ್ ಹಿಡಿದೆ. ಮಗಳು ಡ್ರೈವರ್ ಬಾಗಿಲ ಹತ್ತಿರ ನಿಂತು ಸ್ವಿಚ್ ಒತ್ತಿದಳು. "ಅಪ್ಪಾ, ಒತ್ತಿದೀನಿ, ಬಂತಾ?" ಬಂತು. 12.3 ವೋಲ್ಟ್. ಕೆಳಕ್ಕೆ ಒತ್ತಿದರೆ ಮೈನಸ್ 12.3. ಎಡ-ಬಲಕ್ಕೂ ಹಾಗೇ.

ಜಾಸ್ತಿ ಜನ ಮೋಸ ಹೋಗೋದು ಇಲ್ಲೇ. ಮಿರರ್ ತನಕ ಕರೆಂಟ್ ಬರ್ತಿದೆ, ಆದ್ದರಿಂದ ಮೋಟಾರ್ ಹೋಗಿದೆ ಅಂತ ತೀರ್ಮಾನ ಆಗಿಬಿಡುತ್ತದೆ. ಆದರೆ ಸಾಮಾನ್ಯ ಡಿಜಿಟಲ್ ಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸುಮಾರು 10 ಮೆಗಾಓಮ್. ಅದು ವೈರ್‌ನಿಂದ ಕರೆಂಟ್ ಎಳೆಯೋದೇ ಇಲ್ಲ ಅನ್ನಬಹುದು. ವೈರ್ ಒಳಗೆ ಕೂದಲಿನಂಥ ಒಂದೇ ಎಳೆ ಉಳಿದಿದ್ದರೂ, ಅದೂ ಕಿಲುಬು ಹಿಡಿದಿದ್ದರೂ, ಮೀಟರ್ ಪೂರ್ತಿ 12 ತೋರಿಸುತ್ತದೆ. ಮೊಳೆಗೆ ನೇತುಹಾಕಿದ ಹಗ್ಗ ನೋಡಿ ಅದರ ಗಟ್ಟಿತನ ಹೇಳೋಕಾಗಲ್ಲ, ತುಂಬಿದ ಕೊಡ ಕಟ್ಟಿ ಎಳೆದಾಗಲೇ ತಿಳಿಯೋದು.

ನಾನು ಕಟ್ಟಿದ ಕೊಡ ಅಂದ್ರೆ 5 ವಾಟ್‌ನ ಪಾರ್ಕಿಂಗ್ ಬಲ್ಬ್. ಎರಡು ತುಂಡು ವೈರ್ ಬೆಸುಗೆ ಹಾಕಿ ಇಟ್ಟುಕೊಂಡಿದ್ದೇನೆ. 12 ವೋಲ್ಟ್‌ನಲ್ಲಿ ಇದು ಸುಮಾರು 0.4 ಆಂಪಿಯರ್ ಎಳೆಯುತ್ತದೆ, ಮಿರರ್ ಮೋಟಾರ್‌ಗೆ ಬದಲಿಯಾಗಿ ಇಟ್ಟು ನೋಡೋಕೆ ಇದು ಸಾಕು. ಅದೇ ಎರಡು ಪಿನ್‌ಗೆ ಬಲ್ಬ್ ಸೇರಿಸಿ ಮತ್ತೆ ಒತ್ತಿಸಿದೆ. ಬಲ್ಬ್ ಒಳಗಿನ ತಂತಿ ಮಂಕಾಗಿ ಕೆಂಪಾಯಿತು ಅಷ್ಟೇ. ಬಲ್ಬ್ ಹಾಗೇ ಇಟ್ಟುಕೊಂಡು ಮೀಟರ್ ಹಿಡಿದರೆ ಎರಡು ವೋಲ್ಟ್ ಚಿಲ್ಲರೆ. ಆಗಷ್ಟೇ 12 ತೋರಿಸಿದ ಜಾಗ ಅದು.

ಮೋಟಾರ್ ಬಗ್ಗೆಯೂ ಅನುಮಾನ ಉಳಿಯಬಾರದು ಅಂತ, ಮಿರರ್ ಕಡೆಯ ಪಿನ್‌ಗಳಿಗೆ 9 ವೋಲ್ಟ್‌ನ ಚಿಕ್ಕ ಬ್ಯಾಟರಿ ಮುಟ್ಟಿಸಿದೆ. ಗಾಜು ಸ್ವಲ್ಪ ನಿಧಾನವಾಗಿ, ಆದರೆ ಚೆನ್ನಾಗಿಯೇ ತಿರುಗಿತು. ಬ್ಯಾಟರಿ ತಿರುವಿ ಹಿಡಿದೆ, ಆಚೆ ತಿರುಗಿತು. ಇನ್ನೊಂದು ಮೋಟಾರೂ ಅಷ್ಟೇ. ಕಾರಿನ ಬ್ಯಾಟರಿಯಿಂದಲೇ ಕೊಡುವುದಾದರೆ ನಡುವೆ 2 ಅಥವಾ 3 ಆಂಪಿಯರ್ ಫ್ಯೂಸ್ ಹಾಕಿಕೊಳ್ಳಿ. ಯಾವ ಪಿನ್ ಹೀಟರ್‌ದು, ಯಾವುದು ಮೋಟಾರ್‌ದು ಅಂತ ವೈರಿಂಗ್ ಡಯಾಗ್ರಾಮ್ ನೋಡಿ ಖಾತ್ರಿ ಮಾಡಿಕೊಂಡೇ ಮುಟ್ಟಿಸಿ. ಮಡಚುವ ಮಿರರ್, ಮೆಮೊರಿ ಇರುವ ಮಿರರ್ ಆದರೆ ಪಿನ್ ಜಾಸ್ತಿ ಇರುತ್ತವೆ. ಮೆಮೊರಿಯ ಪಿನ್‌ಗಳ ಹಿಂದೆ 5 ವೋಲ್ಟ್‌ನ ಸೂಕ್ಷ್ಮ ಸರ್ಕ್ಯೂಟ್ ಇರುತ್ತದೆ, ಅದಕ್ಕೆ 12 ಕೊಟ್ಟರೆ ಕಥೆ ಮುಗೀತು.

ಮುಂದಿನ ಪ್ರಶ್ನೆ, ಯಾವ ವೈರ್? ಬಲ್ಬ್ ಜಾಗದಲ್ಲೇ ಇರಲಿ. ಮೀಟರ್‌ನ ಕಪ್ಪು ತುದಿಯನ್ನು ಬಾಡಿಯ ಒಳ್ಳೆ ಅರ್ಥ್‌ಗೆ ಸಿಕ್ಕಿಸಿ, ಕೆಂಪು ತುದಿಯಿಂದ ಒಂದೊಂದೇ ಪಿನ್ ಮುಟ್ಟಿದೆ. ಮೇಲಕ್ಕೆ ಒತ್ತಿದಾಗ ಮೋಟಾರ್ ವೈರ್‌ನಲ್ಲಿ 12 ಮೇಲೆ, ಸರಿ. ಕಾಮನ್‌ನಲ್ಲಿ ಸೊನ್ನೆ ಹತ್ತಿರ ಇರಬೇಕಿತ್ತು, ಇದ್ದದ್ದು 10. ಆ ವೈರ್ ಅರ್ಥ್‌ಗೆ ತಲುಪುತ್ತಿಲ್ಲ. ಕೆಳಕ್ಕೆ ಒತ್ತಿಸಿದೆ, ಈಗ ಮೋಟಾರ್ ವೈರ್ ಸೊನ್ನೆ, ಕಾಮನ್‌ನಲ್ಲಿ 12 ಬದಲು 2. ಎರಡೂ ಕಡೆಯಿಂದ ಬೆರಳು ಕಾಮನ್ ಕಡೆಗೇ ತೋರಿಸಿತು.

ಈ ವೈರ್‌ನ ದಾರಿ ನೋಡಿ. ಸ್ವಿಚ್ ಇರೋದು ಡ್ರೈವರ್ ಬಾಗಿಲಲ್ಲಿ. ಅಲ್ಲಿಂದ ಹೊರಟ ವೈರ್ ಡ್ರೈವರ್ ಬಾಗಿಲಿನ ಕೀಲಿನ ಹತ್ತಿರದ ರಬ್ಬರ್ ಬೂಟ್ (ಬಾಗಿಲಿಗೂ ಬಾಡಿಗೂ ನಡುವೆ ವೈರ್‌ಗಳನ್ನು ಮುಚ್ಚುವ ರಬ್ಬರ್ ಕೊಳವೆ) ದಾಟಿ, ಡ್ಯಾಶ್‌ಬೋರ್ಡ್ ಕೆಳಗೆ ಆಚೆ ಕಡೆ ಹೋಗಿ, ಇನ್ನೊಂದು ಬಾಗಿಲಿನ ಬೂಟ್ ದಾಟಿ ಮಿರರ್ ಸೇರುತ್ತದೆ. ಎರಡು ಬೂಟ್. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ವೈರ್ ಮಡಚಿಕೊಳ್ಳುವ ಎರಡು ಜಾಗ. ಡ್ರೈವರ್ ಕಡೆಯ ಮಿರರ್‌ನ ವೈರ್ ಮಾತ್ರ ಸ್ವಿಚ್ ಇರುವ ಬಾಗಿಲಿನೊಳಗೇ ಮುಗಿಯುತ್ತದೆ, ಯಾವ ಬೂಟೂ ದಾಟೋದಿಲ್ಲ. ಅದು ಸರಿಯಾಗಿದ್ದದ್ದರಲ್ಲಿ ಆಶ್ಚರ್ಯವೇ ಇಲ್ಲ.

ಮಿರರ್ ಇರುವ ಬಾಗಿಲನ್ನು ತೆರೆದು ಮುಚ್ಚಿ ಮಾಡಿದೆ. ಬಲ್ಬ್ ಹಾಗೇ ಮಂಕು. ಆಮೇಲೆ ಮಗಳಿಗೆ ಸ್ವಿಚ್ ಒತ್ತಿಕೊಂಡೇ ಡ್ರೈವರ್ ಬಾಗಿಲನ್ನು ನಿಧಾನಕ್ಕೆ ಎಳೆಯಲು ಹೇಳಿದೆ. ಅರ್ಧ ತೆರೆಯುವ ಹೊತ್ತಿಗೆ ಬಲ್ಬ್ ಪಕ್ಕನೆ ಪೂರ್ತಿ ಹೊತ್ತಿತು, ಇನ್ನಷ್ಟು ತೆರೆದಾಗ ಆರಿತು. ಸಿಕ್ಕಿತು. ಯಾರು ಕೂತರೂ ಇಲ್ಲದಿದ್ದರೂ ಡ್ರೈವರ್ ಬಾಗಿಲು ಮಾತ್ರ ಪ್ರತಿ ಸಲ ತೆರೆಯಲೇಬೇಕಲ್ಲ, ಹಾಗಾಗಿ ಅಲ್ಲಿನ ವೈರ್‌ಗಳೇ ಮೊದಲು ಸೋಲೋದು.

ಬ್ಯಾಟರಿಯ ಮೈನಸ್ ಕಳಚಿ, ಬೂಟ್ ಹಿಂದಕ್ಕೆ ಸರಿಸಿದೆ. ಕಣ್ಣಿಗೆ ಏನೂ ಕಾಣಲ್ಲ. ಪ್ಲಾಸ್ಟಿಕ್ ಹೊದಿಕೆ ಹೊಸದರ ಹಾಗಿತ್ತು. ಒಂದೊಂದೇ ವೈರ್ ಹಿಡಿದು ಮೆತ್ತಗೆ ಎಳೆಯಬೇಕು. ಒಳಗೆ ತಾಮ್ರ ಗಟ್ಟಿಯಿದ್ದರೆ ವೈರ್ ಜಗ್ಗೋದಿಲ್ಲ. ತಾಮ್ರ ಕಡಿದಿದ್ದರೆ ಹೊದಿಕೆ ಮಾತ್ರ ರಬ್ಬರಿನ ಹಾಗೆ ಉದ್ದವಾಗುತ್ತದೆ. ನಾಲ್ಕೈದು ವೈರ್ ಸುಮ್ನೆ ನಿಂತವು, ಕಾಮನ್ ವೈರ್ ಮಾತ್ರ ಬೆರಳ ನಡುವೆ ಜಗ್ಗಿತು. ಹೊದಿಕೆ ಸೀಳಿದರೆ ಒಳಗೆ ಎಳೆಗಳೆಲ್ಲ ಕಡಿದು ಹಸಿರು-ಕಪ್ಪು ಪುಡಿಯಾಗಿದ್ದವು, ತುದಿಗೆ ತುದಿ ಸುಮ್ಮನೆ ತಾಗಿಕೊಂಡಿದ್ದವು.

ರಿಪೇರಿಯಲ್ಲಿ ನನ್ನದೊಂದು ಹಟ ಇದೆ. ಬೂಟ್ ಒಳಗೆ ಯಾವ ಜಾಯಿಂಟೂ ಇರಬಾರದು. ಕಡಿದ ಜಾಗದಲ್ಲೇ ತಿರುಚಿ ಟೇಪ್ ಸುತ್ತೋದು, ಬೆಸುಗೆ ಹಾಕೋದು ಸುಲಭ, ಆದರೆ ಬೆಸುಗೆಯ ಸೀಸ ಎಳೆಗಳ ಒಳಕ್ಕೆ ಏರಿ ವೈರ್ ಕಡ್ಡಿಯಂತಾಗುತ್ತದೆ, ಆ ಗಟ್ಟಿ ಭಾಗ ಮುಗಿಯುವಲ್ಲೇ ಮತ್ತೆ ಮುರಿಯುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಎರಡೂ ಕಡೆ ಕತ್ತರಿಸಿ, ಸಣ್ಣ ಎಳೆಗಳು ಜಾಸ್ತಿ ಇರುವ ಮೆತ್ತನೆಯ 0.5 ಚದರ ಮಿಲಿಮೀಟರ್ ವೈರ್‌ನ ಉದ್ದ ತುಂಡು ಸೇರಿಸಿದೆ. ಒಂದು ಜಾಯಿಂಟ್ ಬಾಗಿಲೊಳಗೆ, ಇನ್ನೊಂದು ಬಾಡಿಯೊಳಗೆ. ಎರಡೂ ಕ್ರಿಂಪ್, ಅಂದ್ರೆ ಲೋಹದ ಕೊಳವೆಯಲ್ಲಿ ಇಕ್ಕಳದಿಂದ ಒತ್ತಿ ಹಿಡಿಸಿದ್ದು, ಮೇಲೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ, ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ. ವೈರ್ ಬಿಗಿಯಾಗದ ಹಾಗೆ ಸ್ವಲ್ಪ ಸಡಿಲ ಬಿಟ್ಟೆ. ಬೂಟ್ ತೆರೆದದ್ದು ಒಳ್ಳೆಯದೇ ಆಯಿತು, ಪವರ್ ವಿಂಡೋದ ದಪ್ಪ ವೈರ್‌ನ ಹೊದಿಕೆಯೂ ಒಂದು ಕಡೆ ಬಿರುಕು ಬಿಟ್ಟಿತ್ತು. ಅದು ಬಾಡಿಗೆ ತಾಗಿದ ದಿನ ಫ್ಯೂಸ್ ಹಾರುತ್ತಿತ್ತು. ಅದನ್ನೂ ಬದಲಾಯಿಸಿದೆ.

ಬ್ಯಾಟರಿ ಸೇರಿಸಿ ಮತ್ತೆ ಬಲ್ಬ್ ಇಟ್ಟು ಅಳೆದೆ. ಬಲ್ಬ್ ಮೇಲೆ 12ರ ಹತ್ತಿರ, ಕಾಮನ್‌ನಿಂದ ಅರ್ಥ್‌ಗೆ ಒಂದು ವೋಲ್ಟ್‌ನ ಹತ್ತನೇ ಒಂದು ಭಾಗದಷ್ಟು. ಬಾಗಿಲು ಹೇಗೆ ಆಡಿಸಿದರೂ ಬೆಳಕು ಕದಲಲಿಲ್ಲ. ಇಷ್ಟು ನೋಡಿದ ಮೇಲೆಯೇ ಮಿರರ್‌ನ ಕನೆಕ್ಟರ್ ಹಾಕಿದ್ದು.

ಹೀಟರ್ ವಿಷಯ ಚುಟುಕಾಗಿ ಹೇಳಿಬಿಡ್ತೀನಿ. ಗಾಜು ಬದಲಾಯಿಸಿದ ಮೇಲೆ ಹೀಟರ್ ನಿಂತರೆ ಗಾಜಿನ ಹಿಂದಿನ ಎರಡು ಚಪ್ಪಟೆ ಟರ್ಮಿನಲ್ ನೋಡಿ, ಒಂದು ಕಳಚಿರುತ್ತದೆ ಇಲ್ಲವೇ ಮುರಿದಿರುತ್ತದೆ. ಮೀಟರ್‌ನಲ್ಲಿ ಓಮ್ ಅಳೆದರೆ ಕಡಿಮೆ ಅಂಕಿ ಬರಬೇಕು. ಉದಾಹರಣೆಗೆ 7 ಓಮ್ ಅಂದ್ರೆ 12 ವೋಲ್ಟ್‌ಗೆ ಸುಮಾರು 20 ವಾಟ್. ಓಪನ್, ಅಂದ್ರೆ ದಾರಿ ಕಡಿದಿದೆ ಅಂತ ತೋರಿಸಿದರೆ ಹೀಟರ್ ಹೋಗಿದೆ.

ಹೊಸ ಕಾರುಗಳಲ್ಲಿ ಬಾಗಿಲಿಗೊಂದು ಮಾಡ್ಯೂಲ್ (ಪುಟ್ಟ ಕಂಪ್ಯೂಟರ್ ಪೆಟ್ಟಿಗೆ) ಇದ್ದರೆ ಲೆಕ್ಕ ಬೇರೆ. ಅಲ್ಲಿ ಸ್ವಿಚ್ ಮೋಟಾರ್‌ಗೆ ನೇರ ಕರೆಂಟ್ ಕೊಡಲ್ಲ, ಮಾಡ್ಯೂಲ್‌ಗೆ ಸಂದೇಶ ಕೊಡುತ್ತದೆ. ಎಷ್ಟೋ ಕಡೆ ಒಂದೇ ವೈರ್‌ನಲ್ಲಿ ಬೇರೆ ಬೇರೆ ವೋಲ್ಟೇಜ್ ಬಂದು ಅದೇ ದಿಕ್ಕು ಹೇಳುತ್ತದೆ. ಆ ವೈರ್‌ಗಳಿಗೆ ಬಲ್ಬ್ ಚುಚ್ಚಬೇಡಿ. ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಹಾಕಿ, ಅದರಿಂದಲೇ ಮಿರರ್ ಓಡಿಸಿ ನೋಡಿ. ಓಡಿದರೆ ಮಾಡ್ಯೂಲ್‌ನಿಂದ ಮೋಟಾರ್ ತನಕ ಎಲ್ಲ ಸರಿ, ಸ್ವಿಚ್ ಕಡೆ ಹುಡುಕಿ. ಓಡದಿದ್ದರೆ ಮಾಡ್ಯೂಲ್‌ನಿಂದ ಮಿರರ್‌ಗೆ ಹೋಗುವ ಮೂರು ವೈರ್‌ಗೆ ಬಲ್ಬ್ ಹಿಡಿಯಬಹುದು, ಅಲ್ಲಿ ನಡೆಯೋದು ಹಳೇ ಲೆಕ್ಕವೇ.