ಕಾಂಗ್ರೆಸ್ ಕಡ್ಲೆಕಾಯಿ ಹೊದ್ದ ಚೀಸ್ ಉಂಡೆ

ಡಿಸೆಂಬರ್ ಕೊನೆಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಗೊಂದು ತಿಂಡಿ ತರುವ ಪಾರ್ಟಿ ಇರುತ್ತದೆ. ಕ್ರಿಸ್‌ಮಸ್ಸಿಗೂ ಹೊಸ ವರ್ಷಕ್ಕೂ ಸೇರಿ ಒಂದೇ. ಮೊದಲ ವರ್ಷ ನಾನು ಚೀಸ್ ಬಾಲ್ ತರುತ್ತೇನೆ ಎಂದು ಜಂಬದಿಂದ ಹೆಸರು ಬರೆಸಿದ್ದೆ. ಸಂಜೆ ಏಳಕ್ಕೆ ತಟ್ಟೆಯ ಮೇಲೆ ದುಂಡಗೆ ಕೂತಿದ್ದ ಉಂಡೆ ಏಳೂವರೆಗೆ ಕಾಲು ಚಾಚಿತು, ಎಂಟಕ್ಕೆ ಪೂರ್ತಿ ಮಲಗಿತು, ಸುತ್ತಲೂ ನೀರು. ನಮ್ಮತ್ತೆ ಚಮಚದಲ್ಲಿ ಒಂಚೂರು ತೆಗೆದು ಬಾಯಿಗೆ ಹಾಕಿಕೊಂಡು, "ಮೊಸರುಬಜ್ಜಿ ಚೆನ್ನಾಗಿದೆ ಕಣಮ್ಮ, ಒಗ್ಗರಣೆ ಒಂದು ಮರೆತಿದ್ದೀಯ" ಎಂದರು.

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾಲ್ಕೇ ಗಂಟೆ ಬಸಿದ ಮೊಸರು, ನೆನೆಸಿದ ಅಂಜೂರ, ಬಿಡಿಸಿ ಹಾಗೇ ಕಲಸಿದ ದಾಳಿಂಬೆ, ಎಲ್ಲದರಲ್ಲೂ ನೀರು. ಆಮೇಲೆ ನಾಲ್ಕೈದು ಸಲ ಮಾಡಿದ ಮೇಲೆ ಗೊತ್ತಾಯಿತು, ಈ ತಿಂಡಿಯಲ್ಲಿ ಇರುವುದು ಒಂದೇ ಕೆಲಸ. ನೀರು ತೆಗೆಯಬೇಕು, ತೆಗೆದ ಮೇಲೆ ಮತ್ತೆ ಸೇರದಂತೆ ಕಾಯಬೇಕು. ಉಳಿದದ್ದೆಲ್ಲ ರವೆ ಉಂಡೆ ಕಟ್ಟಿದಷ್ಟೇ ಸುಲಭ.

ಅಮೆರಿಕದ ಕಡೆ ಇದನ್ನು ಕ್ರೀಮ್ ಚೀಸ್, ಚೆಡ್ಡರ್ ಕಲಸಿ, ಒಣಗಿದ ಕ್ರ್ಯಾನ್‌ಬೆರಿ ಸೇರಿಸಿ, ಪೀಕಾನ್ ಬೀಜದ ಚೂರಿನಲ್ಲಿ ಹೊರಳಿಸಿ, ಉಪ್ಪು ಬಿಸ್ಕೆಟ್ ಜೊತೆ ಇಡುತ್ತಾರೆ. ಅವೆಲ್ಲ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲೂ ಸಿಗುತ್ತವೆ. ನಾನು ಕೈಗೆತ್ತಿಕೊಂಡು, ಬೆಲೆ ನೋಡಿ, ಮೆಲ್ಲಗೆ ವಾಪಸ್ ಇಟ್ಟು ಬರುತ್ತೇನೆ. ಅದೂ ಅಲ್ಲದೆ ಕಾರ್ತಿಕದ ಕಡೇ ಸೋಮವಾರ ಬಸವನಗುಡಿಯ ಪರಿಷೆ ಮುಗಿದು ಮನೆಯಲ್ಲಿ ಕಡಲೆಕಾಯಿ ಚೀಲ ಇನ್ನೂ ಕೂತಿರುವ ಹೊತ್ತಿಗೆ ಪೀಕಾನ್ ಯಾಕೆ ಬೇಕು, ಅಲ್ವಾ? ನಮ್ಮ ಬೇಕರಿಗಳ ಕಾಂಗ್ರೆಸ್ ಕಡ್ಲೆಕಾಯಿ, ಅಂದರೆ ಹುರಿದು ಖಾರ ಮಸಾಲೆ ಹಚ್ಚಿದ ಕಡಲೆಕಾಯಿ ಬೇಳೆ, ಬೆಣ್ಣೆ ಜೊತೆ ಎಷ್ಟು ಹೊಂದುತ್ತದೆ ಎನ್ನುವುದು ವಿ.ವಿ. ಪುರದ ವಿ.ಬಿ. ಬೇಕರಿಯಲ್ಲಿ ಕಾಂಗ್ರೆಸ್ ಬನ್ ತಿಂದವರಿಗೆಲ್ಲ ಗೊತ್ತು. ಬೆಣ್ಣೆಗೆ ಹೊಂದಿದ್ದು ಚೀಸಿಗೆ ಹೊಂದದೇ ಇರುತ್ತದಾ?

ಹತ್ತು ಹನ್ನೆರಡು ಜನರಿಗೆ ಒಂದು ಉಂಡೆ ಸಾಕು. ಅದಕ್ಕೆ ಬೇಕಾದದ್ದು 1 ಲೀಟರ್ ಹಾಲಿನ ಮೊಸರು, ಅಂಗಡಿಯ ಪನೀರ್ 100 ಗ್ರಾಂ, ಚೀಸ್ 100 ಗ್ರಾಂ (25 ಗ್ರಾಂನ ಕ್ಯೂಬ್ ಆದರೆ ನಾಲ್ಕು), ಬೆಣ್ಣೆ 25 ಗ್ರಾಂ, ಒಣ ಅಂಜೂರ ನಾಲ್ಕು, ಖರ್ಜೂರ ಮೂರು, ಒಂದು ಹಿಡಿ ಗೋಡಂಬಿ, ಒಂದು ಹಸಿಮೆಣಸಿನಕಾಯಿ, ಕಾಳುಮೆಣಸು. ಮೇಲೆ ಹಚ್ಚಲು ಕಡಲೆಕಾಯಿ ಬೀಜ 200 ಗ್ರಾಂ. ಜೊತೆಗೊಂದು ದ್ರಾಕ್ಷಿ ಗೊಜ್ಜು, ಅದರ ಮಾತು ಆಮೇಲೆ.

ಎರಡು ದಿನ ಮೊದಲು

ಹೌದು, ಎರಡು ದಿನ. ಹಾಲು ಗಟ್ಟಿ ಇರಲಿ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಶೇಕಡಾ ಮಾತ್ರ, ಆರೆಂಜ್ ಪ್ಯಾಕೆಟ್ಟಿನ ನಂದಿನಿ ಶುಭಂನಲ್ಲಿ 4.5. ಈ ಒಂದೂವರೆ ಶೇಕಡಾ ವ್ಯತ್ಯಾಸ ಬಸಿದ ಮೇಲೆ ಚೆನ್ನಾಗಿ ಗೊತ್ತಾಗುತ್ತದೆ. ತೆಳು ಹಾಲಿನ ಮೊಸರು ಬಸಿದರೆ ಪುಡಿಪುಡಿಯಾಗಿ ನಾಲಿಗೆಗೆ ಸೀಮೆಸುಣ್ಣದ ಹಾಗೆ ತಗಲುತ್ತದೆ. ಚಳಿಗಾಲದಲ್ಲಿ ಇಲ್ಲಿ ಮೊಸರು ಬೇಗ ಹೆಪ್ಪಾಗುವುದಿಲ್ಲ, ಹಾಗಂತ ಹೆಪ್ಪು ಜಾಸ್ತಿ ಹಾಕಬೇಡಿ, ಹುಳಿ ಬರುತ್ತದೆ. ಪಾತ್ರೆಗೆ ಟವೆಲ್ ಸುತ್ತಿ ಆರಿದ ಓವನ್ ಒಳಗೋ ಅಕ್ಕಿ ಡಬ್ಬದ ಪಕ್ಕವೋ ಇಡಿ.

ಹೆಪ್ಪಾದ ಸಿಹಿ ಮೊಸರಿಗೆ ಅರ್ಧ ಚಮಚ ಉಪ್ಪು ಬೆರೆಸಿ. ಇದು ರುಚಿಗೆ ಮಾತ್ರ ಅಲ್ಲ, ಉಪ್ಪು ನೀರನ್ನು ಹೊರಗೆ ಎಳೆಯುತ್ತದೆ. ಹಳೇ ಪಂಚೆಯ ಒಗೆದ ತೆಳು ತುಂಡು ಇದ್ದರೆ ಅದಕ್ಕಿಂತ ಒಳ್ಳೆ ಬಟ್ಟೆ ಇಲ್ಲ. ಮೊಸರನ್ನು ಅದರಲ್ಲಿ ಸುರಿದು, ಗಂಟು ಕಟ್ಟಿ, ಸಿಂಕಿನ ನಲ್ಲಿಗೆ ಒಂದೆರಡು ಗಂಟೆ ತೂಗುಹಾಕಿ. ಧಾರಾಕಾರ ಇಳಿಯುವ ನೀರು ಇಳಿದ ಮೇಲೆ ಗಂಟನ್ನು ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ, ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಒಂದು ಕೆಜಿ ಸಕ್ಕರೆ ಪ್ಯಾಕೆಟ್ ಹೇರಿ ಫ್ರಿಜ್ಜಿಗೆ ತಳ್ಳಿ. ಇಪ್ಪತ್ತು ಗಂಟೆ ಬೇಕು. ನಾನು ಮೊದಲ ಸಲ ಸೋತಿದ್ದು ಇಲ್ಲೇ. ನಾಲ್ಕು ಗಂಟೆಗೇ ಮೇಲ್ಮೈ ಗಟ್ಟಿ ಕಾಣುತ್ತದೆ, ಮೋಸ ಹೋಗಬೇಡಿ, ಒಳಗೆ ಇನ್ನೂ ಶ್ರೀಖಂಡದ ಹದವೇ ಇರುತ್ತದೆ. ಬಟ್ಟೆ ಬಿಚ್ಚಿದಾಗ ಮೊಸರು ಬಟ್ಟೆಗೆ ಅಂಟದೆ ಒಂದೇ ಮುದ್ದೆಯಾಗಿ ಬಿಡಿಸಿಕೊಂಡರೆ ಆಯಿತು. ಮುನ್ನೂರು ಗ್ರಾಂ ಆಸುಪಾಸು ಸಿಗುತ್ತದೆ, ನಮಗೆ 250 ಸಾಕು. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಿದರೆ ಚಪಾತಿ ಮೆತ್ತಗೆ ಬರುತ್ತದೆ. ಉಪ್ಪು ಇರುವುದರಿಂದ ಗಿಡಕ್ಕೆ ಮಾತ್ರ ಹಾಕಬೇಡಿ.

ಹಿಂದಿನ ದಿನ

ಮಿಕ್ಸಿಯ ಸಣ್ಣ ಜಾರಿನಲ್ಲಿ ಪನೀರ್ ಮತ್ತು ಬೆಣ್ಣೆಯನ್ನು ಒಂದು ಹನಿ ನೀರೂ ಹಾಕದೆ ತಿರುವಿ. ಮೊದಲು ಪುಡಿಯಾಗುತ್ತದೆ, ಬದಿ ಕೆರೆದು ಮತ್ತೆ ತಿರುವಿದರೆ ನುಣ್ಣಗೆ ಒಂದಾಗುತ್ತದೆ. ಮೊಸರನ್ನು ಮಾತ್ರ ಮಿಕ್ಸಿಗೆ ಹಾಕಬೇಡಿ, ಅಷ್ಟು ಕಷ್ಟಪಟ್ಟು ಗಟ್ಟಿ ಮಾಡಿದ್ದು ಎರಡೇ ಸುತ್ತಿಗೆ ಸಡಿಲವಾಗುತ್ತದೆ. ಅದನ್ನು ಬಟ್ಟಲಿನಲ್ಲಿ ಕೈಯಿಂದ ಕಲಸಿ.

ಚೀಸ್ ಯಾವುದು ಎಂದರೆ, ಚೆಡ್ಡರ್ ಇದ್ದರೆ ಚೆನ್ನ, ಇಲ್ಲದಿದ್ದರೆ ಮಾಮೂಲಿ ಪ್ರೊಸೆಸ್ಡ್ ಕ್ಯೂಬೇ ಆಗುತ್ತದೆ. ತಣ್ಣಗಿದ್ದಾಗಲೇ ತುರಿಯಿರಿ. ಬೆಂಗಳೂರಿನಲ್ಲೇ ಕ್ರೈಸ್ತ ಸನ್ಯಾಸಿಗಳು ವಲ್ಲೊಂಬ್ರೋಸಾ ಎನ್ನುವ ಹೆಸರಿನಲ್ಲಿ ಇಟಲಿ ಬಗೆಯ ಚೀಸ್ ಮಾಡುತ್ತಾರೆ, ಅವರ ಬುರ್ರಾಟಾ ನನಗೆ ಪ್ರಾಣ. ಆದರೆ ತಾಜಾ ಮೊಜರೆಲ್ಲಾ, ಬುರ್ರಾಟಾ ಎಲ್ಲ ನೀರಿನ ಚೀಲಗಳು, ಈ ಕೆಲಸಕ್ಕೆ ಆಗುವುದಿಲ್ಲ. ವಿದೇಶಿ ಚೀಸ್ ತರುವುದಾದರೆ ಹಸಿರು ಚುಕ್ಕೆ ನೋಡಿಕೊಳ್ಳಿ. ಕೆಲವಕ್ಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವ ಹಾಕಿ ಹಾಲು ಒಡೆದಿರುತ್ತಾರೆ. ಪಾರ್ಟಿಗೆ ಬಂದ ಸಸ್ಯಾಹಾರಿಗಳಿಗೆ ಆಮೇಲೆ ಗೊತ್ತಾದರೆ ಮುಖ ತೋರಿಸುವುದು ಕಷ್ಟ.

ಅಂಜೂರ, ಖರ್ಜೂರವನ್ನು ಬಟಾಣಿ ಗಾತ್ರಕ್ಕೆ ಹೆಚ್ಚಿ. ನೆನೆಸಬೇಡಿ. ಒಣ ಹಣ್ಣು ಒಣಗಿಯೇ ಹೋದರೆ ಉಂಡೆಯಲ್ಲಿ ಅಳಿದುಳಿದ ನೀರನ್ನು ತಾನೇ ಕುಡಿಯುತ್ತದೆ, ರಾತ್ರಿ ಕಳೆಯುವುದರೊಳಗೆ ಹಣ್ಣು ಮೆತ್ತಗಾಗಿ ಉಂಡೆ ಬಿಗಿಯಾಗಿರುತ್ತದೆ. ನಾನು ದುಡ್ಡು ಕೊಡದೆ ಇಟ್ಟುಕೊಂಡ ಕೆಲಸದಾಳು ಅದು. ಹುರಿದ ಗೋಡಂಬಿ ಚೂರು, ಸಣ್ಣಗೆ ಹೆಚ್ಚಿದ ಹಸಿಮೆಣಸಿನಕಾಯಿ, ಕುಟ್ಟಿದ ಕಾಳುಮೆಣಸು ಸೇರಿಸಿ ಎಲ್ಲ ಕಲಸಿ. ರುಚಿ ನೋಡುವ ತನಕ ಉಪ್ಪು ಮುಟ್ಟಬೇಡಿ, ಮೊಸರಿನಲ್ಲೂ ಚೀಸಿನಲ್ಲೂ ಇದ್ದೇ ಇದೆ.

ಹಸಿ ಅನಾನಸ್ ಹಾಕಿದರೆ ಹೇಗೆ ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಬೇಡ. ಅದರಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ, ಅದು ಹಾಲಿನ ಪ್ರೊಟೀನನ್ನು ಒಡೆಯುತ್ತದೆ, ಬೆಳಗಾಗುವುದರೊಳಗೆ ಉಂಡೆ ಕಹಿ. ಪಪ್ಪಾಯಿ, ಕಿವಿ ಹಣ್ಣಿನದೂ ಇದೇ ಕಥೆ. ಬೇಯಿಸಿದರೆ ಕಿಣ್ವ ಸಾಯುತ್ತದೆ, ಹಾಗಾಗಿ ಅನಾನಸ್ ಗೊಜ್ಜು ಪಕ್ಕದಲ್ಲಿಟ್ಟರೆ ಯಾವ ತೊಂದರೆಯೂ ಇಲ್ಲ.

ಒಂದು ದುಂಡು ಬಟ್ಟಲಿಗೆ ಕ್ಲಿಂಗ್ ಫಿಲ್ಮ್ ಹಾಸಿ, ಮಿಶ್ರಣ ತುಂಬಿ, ಒಳಗೆ ಗಾಳಿ ಉಳಿಯದಂತೆ ಒತ್ತಿ, ಮೇಲಿನ ಅಂಚುಗಳನ್ನು ಕೂಡಿಸಿ ತಿರುಚಿ. ಕ್ಲಿಂಗ್ ಫಿಲ್ಮ್ ಇಲ್ಲದಿದ್ದರೆ ಬೆಂಕಿಯಲ್ಲಿ ಬಾಡಿಸಿದ ಬಾಳೆ ಎಲೆಗೆ ತುಪ್ಪ ಸವರಿ ಸುತ್ತಿಡಿ, ನಿಜ ಹೇಳಬೇಕೆಂದರೆ ಅದರ ಘಮವೇ ಚೆಂದ. ರಾತ್ರಿಯಿಡೀ ಫ್ರಿಜ್ಜಿನಲ್ಲಿರಲಿ.

ಕಾಂಗ್ರೆಸ್ ಕಡ್ಲೆಕಾಯಿ ಮತ್ತು ಗೊಜ್ಜು

ಬೇಕರಿಯಿಂದ ತಂದರೆ ತಪ್ಪೇನಿಲ್ಲ. ಮನೆಯಲ್ಲಾದರೆ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಹುರಿಯಿರಿ. ಚಟಪಟ ಸದ್ದು ಬಂದು ಸಿಪ್ಪೆ ತಾನಾಗೇ ಬಿರಿಯಬೇಕು. ಉರಿ ಜಾಸ್ತಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ. ಆರಿದ ಮೇಲೆ ಉಜ್ಜಿ, ಸಿಪ್ಪೆ ಊದಿ, ಬೇಳೆ ಮಾಡಿ. ಒಂದು ಚಮಚ ಎಣ್ಣೆಯಲ್ಲಿ ಕರಿಬೇವು ಗರಿಗರಿ ಆಗುವ ತನಕ ಬಿಟ್ಟು, ಇಂಗು, ಅರಿಶಿನ ಹಾಕಿ, ಉರಿ ಆರಿಸಿ, ಕಾಳುಮೆಣಸಿನ ಪುಡಿ, ಸ್ವಲ್ಪ ಅಚ್ಚಖಾರದ ಪುಡಿ, ಉಪ್ಪು, ಬೇಳೆ ಎಲ್ಲ ಸುರಿದು ಹೊರಳಿಸಿ. ಪೂರ್ತಿ ಆರಿದ ಮೇಲೆ ಒರಟಾಗಿ ಜಜ್ಜಿ ಡಬ್ಬಕ್ಕೆ ಹಾಕಿ.

ಗೊಜ್ಜಿಗೆ ಬೆಂಗಳೂರು ನೀಲಿ ದ್ರಾಕ್ಷಿ ಸಿಕ್ಕರೆ ಅದೃಷ್ಟ. 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮದೇ ಹಣ್ಣು, ಬೀಜ ಇರುವ, ಹುಳಿ ಸಿಹಿ ಎರಡೂ ಗಟ್ಟಿಯಾಗಿರುವ ತಳಿ. 250 ಗ್ರಾಂ ಹಣ್ಣನ್ನು ಕಿವುಚಿ ನೀರಿಲ್ಲದೆ ಹತ್ತು ನಿಮಿಷ ಬೇಯಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆಯಿರಿ. ರಸಕ್ಕೆ ಮೂರು ಚಮಚ ಬೆಲ್ಲ, ಚಿಟಿಕೆ ಉಪ್ಪು, ಚಿಟಿಕೆ ಖಾರ, ಒಂದು ಲವಂಗ ಹಾಕಿ ಕುದಿಸಿ. ತಣ್ಣನೆ ತಟ್ಟೆಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಗೆರೆ ಎಳೆಯಿರಿ, ಗೆರೆ ಮುಚ್ಚಿಕೊಳ್ಳದಿದ್ದರೆ ಇಳಿಸಬಹುದು.

ಬಡಿಸುವಾಗ

ಉಂಡೆಯನ್ನು ಫ್ರಿಜ್ಜಿನಿಂದ ಇಪ್ಪತ್ತು ನಿಮಿಷ ಮೊದಲು ತೆಗೆಯಿರಿ, ಇಲ್ಲದಿದ್ದರೆ ಚಾಕು ಇಳಿಯುವುದಿಲ್ಲ. ಕಡ್ಲೆಕಾಯಿ ಹಚ್ಚುವುದು ಈಗ, ಹಿಂದಿನ ರಾತ್ರಿ ಅಲ್ಲ. ರಾತ್ರಿಯೇ ಹಚ್ಚಿದರೆ ಬೆಳಗ್ಗೆ ಬೇಯಿಸಿದ ಕಡಲೆಕಾಯಿಯ ಹಾಗೆ ಮೆತ್ತಗಾಗಿರುತ್ತದೆ. ತಟ್ಟೆಯಲ್ಲಿ ಹರಡಿ, ಉಂಡೆ ಹೊರಳಿಸಿ, ಬಿಟ್ಟ ಜಾಗಕ್ಕೆ ಕೈಯಲ್ಲಿ ಒತ್ತಿ. ದಾಳಿಂಬೆ ಬೇಕೆನಿಸಿದರೆ ಕಾಳನ್ನು ಬಟ್ಟೆಯಲ್ಲಿ ಒರೆಸಿ ನೆತ್ತಿಯ ಮೇಲೆ ಮಾತ್ರ ಇಡಿ. ಗೊಜ್ಜು ಮೇಲೆ ಸುರಿಯಬೇಡಿ, ಪಕ್ಕದಲ್ಲಿ ಬಟ್ಟಲು ಸಾಕು.

ಜೊತೆಗೆ ಏನು? ಪುಟ್ಟ ನಿಪ್ಪಟ್ಟು, ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕೆಟ್, ತೆಳ್ಳಗೆ ಹೆಚ್ಚಿದ ಸೀಬೆಹಣ್ಣು. ಕೋಡುಬಳೆ ನೋಡಲು ಚೆಂದ, ಆದರೆ ಚೀಸ್ ನಿಲ್ಲುವುದಿಲ್ಲ. ನನ್ನ ಓಟು ನಿಪ್ಪಟ್ಟಿಗೆ, ಅದೇನು ಕ್ರ್ಯಾಕರ್ ಬಿಸ್ಕೆಟ್ಟೋ ಏನೋ, ನಿಪ್ಪಟ್ಟಿನ ಮುಂದೆ ಸಪ್ಪೆ. ಬಂದವರಲ್ಲಿ ಯಾರಿಗಾದರೂ ಕಡಲೆಕಾಯಿ ಅಲರ್ಜಿ ಇದೆಯಾ ಎಂದು ಮೊದಲೇ ಕೇಳಿ. ಇದ್ದರೆ ಬೇರೆ ಚೂರು ಬಾದಾಮಿಯಲ್ಲಿ ಹೊರಳಿಸುತ್ತೇನೆ ಎಂದು ಒಂದೇ ತಟ್ಟೆಯಲ್ಲಿ ಎರಡು ಇಡಬೇಡಿ, ಇಡೀ ಉಂಡೆಗೇ ಬಾದಾಮಿ ಹಾಕಿ, ಬೀಜ ಹುರಿದ ಬಾಣಲೆ, ಮಿಕ್ಸಿ ಜಾರು ಎಲ್ಲ ಚೆನ್ನಾಗಿ ತೊಳೆದಿರಲಿ. ಗೋಡಂಬಿ, ಬಾದಾಮಿಯೂ ಆಗದವರು ಇರುತ್ತಾರೆ, ಅದನ್ನೂ ಕೇಳಿಕೊಳ್ಳಿ.

ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ. ಮಿಕ್ಕಿದ್ದು ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ, ಕಡ್ಲೆಕಾಯಿ ಮೆತ್ತಗಾಗಿರುತ್ತದೆ ಅಷ್ಟೇ. ಅದನ್ನು ಬ್ರೆಡ್ಡಿಗೆ ದಪ್ಪಗೆ ಸವರಿ, ಈರುಳ್ಳಿ ಹಾಕಿ, ಕಾವಲಿಯ ಮೇಲೆ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಮಾಡಿ. ನಮ್ಮತ್ತೆ ಈಗ ಉಂಡೆಗಿಂತ ಮಾರನೇ ದಿನದ ಈ ಟೋಸ್ಟಿಗೇ ಕಾಯುತ್ತಾರೆ.